ತಿಮ್ಮಪ್ಪನ ಪಟದ ಎದುರು ಕೂತ ಕಿವಿಗಳು

ಚನ್ನಪಟ್ಟಣದ ಕಡೆ ರೇಷ್ಮೆ ಹುರಿ ಮಾಡುವ ಹೆಂಗಸರ ಕಿವಿಗೆ ಏನೂ ಆಗಿಲ್ಲ ಎಂದು ಒಂದು ವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾಗಿದೆ. ಬರೆದವರು ದೊಡ್ಡವರು, ಓದಿದವರೂ ದೊಡ್ಡವರೇ ಇರಬೇಕು. ಕೊನೆಯಲ್ಲಿ ಸಣ್ಣಕ್ಷರದಲ್ಲಿ ನನಗೂ ಒಂದು ಥ್ಯಾಂಕ್ಸ್ ಹೇಳಿದ್ದಾರೆ. ಆ ಥ್ಯಾಂಕ್ಸ್ ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಯಾಕೆಂದರೆ ಆ ಹೆಂಗಸರಲ್ಲಿ ನಮ್ಮವ್ವನೂ ಒಬ್ಬಳು, ಮತ್ತು ನಮ್ಮವ್ವನಿಗೆ ಕಿವಿ ಕೇಳುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನಾನು ಬಿ.ಎಸ್ಸಿ. ಮುಗಿಸಿ, ಬೆಂಗಳೂರಿನಲ್ಲಿ ಕಿವಿಯ ಮೇಲೆ ಸಂಶೋಧನೆ ಮಾಡುವ ಒಂದು ಲ್ಯಾಬಿಗೆ ಸಹಾಯಕಿಯಾಗಿ ಸೇರಿಕೊಂಡಿದ್ದೆ. ನಮ್ಮೂರು ಬೈರಾಪಟ್ಟಣದಿಂದ ಚನ್ನಪಟ್ಟಣಕ್ಕೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರೈಲು. ಏನು ಕೆಲಸ ಎಂದು ಊರಲ್ಲಿ ಯಾರಾದರೂ ಕೇಳಿದರೆ ಆಸ್ಪತ್ರೆ ಕೆಲಸ ಎಂದು ಬಿಡುತ್ತಿದ್ದೆ. ದೇಹದಾನ ಮಾಡಿದವರ ತಲೆಬುರುಡೆಯಿಂದ ಕಿವಿಯ ಮೂಳೆ ತೆಗೆದು, ಅದನ್ನು ವಾರಗಟ್ಟಲೆ ಆಸಿಡ್ಡಿನಲ್ಲಿ ನೆನೆಹಾಕಿ ಮೆತ್ತಗೆ ಮಾಡಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಹೆರೆದು, ಬಣ್ಣ ಹಚ್ಚಿ ಗಾಜಿನ ಮೇಲೆ ಕೂರಿಸುತ್ತೇನೆ ಎಂದು ಹೇಳಿದ್ದರೆ ಯಾರು ನನ್ನ ಕೈಯ ನೀರು ಕುಡಿಯುತ್ತಿದ್ದರು?

ಕೆಲಸ ಮಾತ್ರ ನನಗೆ ಹಿಡಿಸಿತ್ತು. ಲ್ಯಾಬಿನ ಮುಖ್ಯಸ್ಥರಾಗಿದ್ದ ಪ್ರೊಫೆಸರು ಚೆನ್ನಾಗಿ ಹೇಳಿಕೊಡುತ್ತಿದ್ದರು, ಅದನ್ನು ಇಲ್ಲವೆನ್ನಲಾರೆ. "ತಲೆ ಪಕ್ಕ ಕಾಣೋದು ಬರೀ ಬಾಗಿಲಮ್ಮ, ಮನೆ ಒಳಗಿದೆ" ಎಂದು ಮೊದಲ ದಿನವೇ ಹೇಳಿದ್ದರು. ಆ ಮನೆ ಅವರೆಕಾಳಿನಷ್ಟಿರುತ್ತದೆ. ಶಂಖದ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡು, ತುಂಬ ನೀರು ತುಂಬಿಕೊಂಡು, ಮೈಯಲ್ಲೆಲ್ಲ ಗಟ್ಟಿಯಾದ ಮೂಳೆಯೊಳಗೆ ಕೂತಿರುತ್ತದೆ. ಅದರ ಉದ್ದಕ್ಕೂ ಸಾಲಾಗಿ ಕೂದಲು ಹೊತ್ತ ಕೋಶಗಳು. ಸದ್ದು ಬಂದಾಗ ಒಳಗಿನ ನೀರು ಅಲುಗುತ್ತದೆ, ಕೂದಲು ಬಾಗುತ್ತದೆ, ನರಕ್ಕೆ ಸುದ್ದಿ ಹೋಗುತ್ತದೆ. ಹಕ್ಕಿಯ ದನಿ, ಕಾಲ್ಗೆಜ್ಜೆ, ಕುಕ್ಕರಿನ ಸೀಟಿ, ಇಂಥ ತೆಳು ಸದ್ದುಗಳನ್ನು ಹಿಡಿಯುವ ಕೋಶಗಳು ಶಂಖದ ಬಾಯಲ್ಲೇ ಇರುತ್ತವೆ. ಗದ್ದಲಕ್ಕೆ ಮೊದಲು ಸಾಯುವವು ಅವೇ. ದಾರಿ ಪಕ್ಕದ ಹೊಲದಲ್ಲಿ ಓಣಿ ಬಾಯಿಯ ಪೈರೇ ಮೊದಲು ತುಳಿತಕ್ಕೆ ಸಿಗುವುದಿಲ್ಲವೇ, ಹಾಗೆ. ಹೊಲದ ಪೈರಾದರೆ ಮುಂದಿನ ವರ್ಷ ಬಿತ್ತಬಹುದು. ಕಿವಿಯ ಕೋಶ ಸತ್ತರೆ ಸತ್ತಿತು, ಮತ್ತೆ ಹುಟ್ಟುವುದಿಲ್ಲ.

ಇದನ್ನೆಲ್ಲ ಹಗಲು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕಲಿತು, ಸಂಜೆ ಮನೆಗೆ ಬಂದರೆ ಅಡುಗೆಮನೆಯಲ್ಲಿ ಕುಕ್ಕರು ಏಳನೆಯ ಸೀಟಿ ಹೊಡೆಯುತ್ತಿರುತ್ತಿತ್ತು. ಅವ್ವ ಅದರ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತ ಕೂತಿರುತ್ತಿದ್ದಳು. ಬೇಳೆ ಕರಗಿ ಅಂಬಲಿಯಾಗಿರುತ್ತಿತ್ತು. ನಾನು ಒಲೆ ಆರಿಸಿ, ಕಿವುಡರ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನಿನ್ನ ಕುಕ್ಕರಿನ ಪಾಡು ಎಂದು ಅವಳಿಗೇ ಹೇಳಿ ನಗುತ್ತಿದ್ದೆ. ಅವಳೂ ನಗುತ್ತಿದ್ದಳು. ಓದಿದ್ದು ಒಂದು ಕಡೆ, ಮನೆ ಇನ್ನೊಂದು ಕಡೆ ಎಂದು ಬದುಕುತ್ತಿದ್ದ ನನ್ನ ಬುದ್ಧಿಗೆ ಏನೆನ್ನಬೇಕೋ ತಿಳಿಯದು.

ಹೆದ್ದಾರಿಯಲ್ಲಿ ಓಡಾಟ ಹೆಚ್ಚಾದ ಮೇಲೆ ನಮ್ಮ ಕಡೆ ಹೊಲಗಳ ನಡುವೆ ತಗಡಿನ ಶೆಡ್ಡುಗಳು ಏಳತೊಡಗಿದ್ದವು. ಅಂಥ ಒಂದರಲ್ಲಿ ಅವ್ವ ಕೆಲಸಕ್ಕಿದ್ದಳು. ರೇಷ್ಮೆ ಎಳೆಗಳನ್ನು ಸೇರಿಸಿ ಹುರಿ ಹಾಕುವ ಯಂತ್ರಗಳು, ಸಾಲಿಗೆ ನೂರಾರು ಕದಿರು, ಎಲ್ಲ ಒಟ್ಟಿಗೆ ತಿರುಗುವಾಗ ಸೂರು ನಡುಗುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಸೇರಿದವಳು, ನಾನು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಬೆಳಗಿನಿಂದ ಸಂಜೆವರೆಗೆ ಆ ಸದ್ದಿನೊಳಗೇ ನಿಂತಿದ್ದಳು. ಒಮ್ಮೆ ಊಟದ ಡಬ್ಬಿ ಕೊಡಲು ಹೋಗಿ ಐದು ನಿಮಿಷ ನಿಂತಿದ್ದೆ. ಹೊರಗೆ ಬಂದ ಮೇಲೂ ಬಹಳ ಹೊತ್ತು ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು.

ಆ ಶೆಡ್ಡಿನಲ್ಲಿ ಯಾರೂ ಬಾಯಲ್ಲಿ ಮಾತಾಡುತ್ತಿರಲಿಲ್ಲ, ಮಾತಾಡಿದರೂ ಪ್ರಯೋಜನವಿರಲಿಲ್ಲ. ಹೆಂಗಸರು ತಮ್ಮದೇ ಕೈಮಾತು ಕಟ್ಟಿಕೊಂಡಿದ್ದರು. ಎರಡು ಬೆರಳು ಜೋಡಿಸಿ ಫಕ್ಕನೆ ಬಿಡಿಸಿದರೆ ಎಳೆ ಹರಿದಿದೆ ಎಂದರ್ಥ. ಮೀಸೆ ತೀಡಿದಂತೆ ಮಾಡಿದರೆ ಮೇಸ್ತ್ರಿ ಬಂದ. ಹೊಟ್ಟೆ ಮೇಲೆ ಅಂಗೈ ತಿರುಗಿಸಿದರೆ ಇನ್ನೊಬ್ಬಳಿಗೆ ಹುಷಾರಿಲ್ಲ, ಅವಳ ಸಾಲನ್ನೂ ನೋಡಿಕೋ. ಯಾರ ಮನೆಯಲ್ಲಿ ಹೆಣ್ಣು ನೋಡಲು ಬಂದರು, ಯಾರ ಗಂಡ ಕುಡಿದು ಬಂದ, ಎಲ್ಲವೂ ಈ ತುದಿಯಿಂದ ಆ ತುದಿಗೆ ಕೈಯಲ್ಲೇ ಹೋಗುತ್ತಿತ್ತು. ಯಂತ್ರದ ಮೇಲೆ ಒಂದು ಕಣ್ಣು, ಗೆಳತಿಯರ ಕೈಮೇಲೆ ಒಂದು ಕಣ್ಣು. ಮನೆಯಲ್ಲೂ ಅವ್ವ ಮಾತಾಡುವವರ ತುಟಿಯನ್ನೇ ನೋಡುತ್ತಿದ್ದಳು. ಅದು ಅವಳ ಪ್ರೀತಿ ಎಂದು ನಾನು ತಿಳಿದುಕೊಂಡಿದ್ದೆ.

ಕಾರ್ಖಾನೆಯ ಸದ್ದು ಒಳಗಿವಿಗೆ ಏನು ಮಾಡುತ್ತದೆ ಎಂದು ಅಧ್ಯಯನ ಮಾಡಬೇಕೆಂದು ಪ್ರೊಫೆಸರು ಹೊರಟಾಗ, ನಮ್ಮವ್ವನ ಶೆಡ್ಡನ್ನು ತೋರಿಸಿದವಳು ನಾನೇ. ಕುಕ್ಕರಿನ ಸೀಟಿಗೂ ಆ ಶೆಡ್ಡಿಗೂ ನಂಟಿದೆ ಎಂದು ಆಗ ಹೊಳೆದಿತ್ತು. ಊರಿಗೆ ಉಪಕಾರ ಮಾಡುತ್ತಿದ್ದೇನೆಂಬ ಜಂಬ. ಕಿವಿ ಕೆಟ್ಟಿದೆ ಎಂದು ಕಾಗದದ ಮೇಲೆ ಬಂದರೆ, ಓನರು ಕಿವಿಮುಚ್ಚುಗ ಕೊಡಲೇಬೇಕಾಗುತ್ತದೆ, ಅವ್ವನನ್ನು ಗದ್ದಲವಿಲ್ಲದ ಜಾಗಕ್ಕೆ ಹಾಕಬೇಕಾಗುತ್ತದೆ, ಉಳಿದಿರುವಷ್ಟಾದರೂ ಕಿವಿ ಉಳಿಯುತ್ತದೆ ಎಂದುಕೊಂಡಿದ್ದೆ. ಓನರು ಒಪ್ಪಿದರು. ರಜೆಯ ದಿನ ಯಂತ್ರ ನಿಲ್ಲಿಸಿ ಹೆಂಗಸರನ್ನೆಲ್ಲ ಕರೆಸುತ್ತೇನೆ ಎಂದರು. ವರದಿಯಲ್ಲಿ ಏನಾದರೂ ಕಂಡುಬಂದರೆ ಕಿವಿಮುಚ್ಚುಗ ತರಿಸುತ್ತೇನೆ ಎಂದು ಎಲ್ಲರ ಎದುರಿಗೇ ಹೇಳಿದರು. ಇಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ನನಗೆ ಆಗಲೇ ಅನುಮಾನ ಬರಬೇಕಾಗಿತ್ತು.

ಪರೀಕ್ಷೆ ನಡೆದದ್ದು ಓನರ ಆಫೀಸು ಕೋಣೆಯಲ್ಲಿ. ಪರೀಕ್ಷೆ ಎಂದರೆ ಇಷ್ಟೆ. ಕಿವಿಗೆ ಹೆಡ್‌ಫೋನು ಹಾಕುತ್ತಾರೆ, ಕೈಗೆ ಒಂದು ಗುಂಡಿ ಕೊಡುತ್ತಾರೆ. ಪರೀಕ್ಷಕ ತನ್ನ ಪೆಟ್ಟಿಗೆಯ ಕೀಲಿ ಒತ್ತಿ, ಒಮ್ಮೆ ದಪ್ಪ ಸ್ವರ, ಒಮ್ಮೆ ತೆಳು ಸ್ವರ, ಒಮ್ಮೆ ಜೋರು, ಒಮ್ಮೆ ಮೆಲ್ಲಗೆ ಕೇಳಿಸುತ್ತಾನೆ. ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ಪರೀಕ್ಷಕನ ಕೈ ಕಾಣಬಾರದೆಂದು ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದರು. ಪೆಟ್ಟಿಗೆ ಹಿಡಿದು ಅವರ ಬೆನ್ನ ಹಿಂದೆ ಕಿಟಕಿ ಪಕ್ಕ ಕೂತವನು ಪಿಎಚ್‌ಡಿ ಮಾಡುತ್ತಿದ್ದ ಒಬ್ಬ ಯುವಕ. ಹೆಂಗಸರ ಕಣ್ಣೆದುರಿಗೆ ಗೋಡೆ, ಗೋಡೆಯಲ್ಲಿ ಗಾಜು ಹಾಕಿಸಿದ ತಿಮ್ಮಪ್ಪನ ದೊಡ್ಡ ಪಟ.

ನಾನು ಬಾಗಿಲ ಹೊರಗೆ ಜಗಲಿಯಲ್ಲಿ ಕೂತು ಹೆಸರು ಬರೆದುಕೊಳ್ಳುತ್ತಿದ್ದೆ. ಒಪ್ಪಿಗೆ ಪತ್ರ ಓದಿ ಹೇಳಿ ಸಹಿ ಹಾಕಿಸುವುದೂ ನನ್ನ ಪಾಲಿನ ಕೆಲಸ. "ಸದರಿ ಪರೀಕ್ಷೆಗೆ ಸ್ವಇಚ್ಛೆಯಿಂದ ಸಮ್ಮತಿಸಿರುತ್ತೇನೆ" ಎಂಬ ವಾಕ್ಯವನ್ನು ಅವತ್ತು ಎಷ್ಟು ಸಲ ಓದಿದೆನೋ. ಅವ್ವನ ಪಕ್ಕದ ಸಾಲಿನಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ ಹೆಬ್ಬೆಟ್ಟು ಒತ್ತುವ ಮುಂಚೆ ಮೆಲ್ಲಗೆ ಕೇಳಿದಳು.

"ಇದ್ರಾಗೆ ಫೇಲಾದ್ರೆ ಏನವ್ವ ಮಾಡ್ತಾರೆ?"

"ಇದ್ರಲ್ಲಿ ಪಾಸು ಫೇಲು ಏನೂ ಇಲ್ಲ ಕಣಕ್ಕ" ಎಂದು ನಾನು ನಕ್ಕೆ.

ಅವಳು ನಗಲಿಲ್ಲ. ಆ ಗೇಟಿನೊಳಗೆ ಪಾಸು ಫೇಲು ಇಲ್ಲದ್ದು ಏನಿತ್ತು? ಹರಿದ ಎಳೆ ಲೆಕ್ಕ, ತಡವಾದ ನಿಮಿಷ ಲೆಕ್ಕ, ಹೊರಗೆ ಹೋಗಿ ಬಂದದ್ದೂ ಲೆಕ್ಕ. ಕಿವಿಗೆ ಮಾತ್ರ ವಿನಾಯಿತಿ ಇದೆ ಎಂದು ಓದಿದವಳೊಬ್ಬಳು ಹಲ್ಲು ಕಿಸಿದು ಹೇಳಿದರೆ ಯಾರು ನಂಬಬೇಕು?

ಒಬ್ಬೊಬ್ಬರೇ ಒಳಗೆ ಹೋದರು, ಬಂದರು. ಅವ್ವನೂ ಹೋಗಿ ಬಂದಳು. ಹೊರಗೆ ಬರುವಾಗ ಅವಳ ಮುಖದಲ್ಲಿ ಬಾಣಂತನ ಮುಗಿಸಿಕೊಟ್ಟವಳ ನಿರಾಳ ಇತ್ತು. ಸಂಜೆ ರೈಲು ಹತ್ತಿಸಲು ಸ್ಟೇಷನ್ನಿಗೆ ಹೋದಾಗ ಆ ಯುವಕನಿಗೆ ಖುಷಿಯೋ ಖುಷಿ. "ಎಂಥ ಭಕ್ತಿ ಮೇಡಂ ನಿಮ್ಮ ಕಡೆ ಹೆಂಗಸರದು. ಕೂತಷ್ಟು ಹೊತ್ತೂ ದೇವರ ಪಟದಿಂದ ಕಣ್ಣು ಕೀಳಲಿಲ್ಲ" ಎಂದ. ನಾನೂ ಹೆಮ್ಮೆಯಿಂದ ತಲೆಯಾಡಿಸಿದೆ.

ಯಾರಿಗೆ ಎಷ್ಟು ಕೇಳಿಸಿತೆಂದು ತೋರಿಸುವ ನಕ್ಷೆಗಳನ್ನು ಹಾಕಿ ನೋಡಿದರೆ ಎಲ್ಲ ನೆಟ್ಟಗೆ ಗೆರೆ ಎಳೆದ ಹಾಗಿದ್ದವು. ಎಷ್ಟೋ ವರ್ಷ ಆ ತಗಡಿನ ಕೆಳಗೆ ನಿಂತವರ ಕಿವಿ, ಎಳೆಮಕ್ಕಳ ಕಿವಿಯ ಹಾಗೆ. ಹೊಸದಾಗಿ ಸೇರಿದ ವಿದ್ಯಾರ್ಥಿಗೂ ಅನುಮಾನ ಬರಬೇಕಾದ ಸಂಗತಿ ಇದು. ಪ್ರೊಫೆಸರಿಗೆ ಬರಲಿಲ್ಲ. ಅವರಿಗೆ ಬಂದದ್ದು ಒಂದು ಸಿದ್ಧಾಂತ. ಹಳ್ಳಿಯ ಬಾಲ್ಯದ ನಿಶ್ಶಬ್ದ, ರಾಗಿ ಊಟ, ಸರಳ ಜೀವನ, ಇವೆಲ್ಲ ಸೇರಿ ಗ್ರಾಮೀಣರ ಒಳಗಿವಿಗೆ ತಡೆದುಕೊಳ್ಳುವ ಶಕ್ತಿ ಕೊಟ್ಟಿರಬಹುದು ಎಂದರು. ರಾಗಿಮುದ್ದೆ ತಿಂದರೆ ಕಿವಿಯ ಕೋಶ ಸಾಯುವುದಿಲ್ಲವಂತೆ. ಹಾಗಿದ್ದರೆ ನಾನು ಆಸಿಡ್ಡಿನಲ್ಲಿ ನೆನೆಹಾಕಿದ ಮೂಳೆಗಳೆಲ್ಲ ಬರೀ ಇಡ್ಲಿ ತಿಂದವರದೇನು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನಮ್ಮವ್ವನಿಗೆ ಕುಕ್ಕರಿನ ಸೀಟಿ ಕೇಳುವುದಿಲ್ಲ ಸಾರ್ ಎಂದಷ್ಟೇ ಹೇಳಿದೆ. ಮನೆಯಲ್ಲಿ ಹೆಂಗಸರಿಗೆ ಗಮನ ಬೇರೆ ಕಡೆ ಇರುತ್ತದಮ್ಮ ಎಂದು ಅವರು ಮುಂದಿನ ಹಾಳೆ ತಿರುಗಿಸಿದರು.

ಆ ಭಾನುವಾರ ಮಧ್ಯಾಹ್ನ ಅವ್ವ ಜಗಲಿ ಮೇಲೆ ಮೊರದಲ್ಲಿ ರಾಗಿ ಕೇರುತ್ತಿದ್ದಳು. ನಾನು ಎದುರಿಗೆ ಹೋಗಿ ಕುಕ್ಕುರುಗಾಲಲ್ಲಿ ಕೂತೆ.

"ಅವ್ವ, ದಿಟ ಹೇಳು. ಅವತ್ತು ಕಿವಿಗೆ ಹಾಕಿದ್ರಲ್ಲ, ಅದ್ರಲ್ಲಿ ಸದ್ದು ನಿಂಗೆ ಕೇಳುಸ್ತಾ?"

ಅವಳು ನನ್ನ ತುಟಿ ನೋಡಿ ಮೊರ ಕೆಳಗಿಟ್ಟಳು. ಅತ್ತಿತ್ತ ನೋಡಿದಳು.

"ದಪ್ಪನೇವು ಒಂದೆಲ್ಡು ಕೇಳುಸ್ದೊ ಕಣ್ ಮಗ. ಮಿಕ್ಕಿದ್ದ ತಿಮ್ಮಪ್ಪ ತೋರುಸ್ದ."

"ತೋರುಸ್ದ ಅಂದ್ರೆ?"

"ಪಟದ ಗಾಜ್ನಾಗೆ ಆ ಉಡುಗನ ಕೈ ಕಾಣ್ತಿತ್ತು. ಅವ್ನು ಬೆರ್ಳು ಒತ್ತುತಿದ್ದಂಗೆ ನಾನೂ ಒತ್ಬುಡೋದು. ಎಲ್ಲಾರ್ಗೂವೆ ಅಂಗೇಯ."

ಮೊದಲು ಒಳಗೆ ಹೋದವಳು ಅದನ್ನು ಕಂಡುಕೊಂಡು ಹೊರಗೆ ಬಂದು ಕೈಮಾತಿನಲ್ಲಿ ಹೇಳಿದಳಂತೆ. ಎರಡು ಬೆರಳು ಕಣ್ಣಿಗೆ, ಆಮೇಲೆ ಹಣೆಯ ಮೇಲೆ ಮೂರು ನಾಮ ಎಳೆದ ಹಾಗೆ, ಆಮೇಲೆ ಹೆಬ್ಬೆರಳು ಒತ್ತಿದ ಹಾಗೆ. ಅಷ್ಟೆ. ಸಾಲಿನಲ್ಲಿ ನಿಂತ ಅಷ್ಟೂ ಹೆಂಗಸರಿಗೆ ತಿಳಿದುಹೋಯಿತು. ನಾನು ಅಲ್ಲೇ ಕೂತಿದ್ದೆ. ಆ ಕೈಗಳು ಆಡಿದ್ದನ್ನು ಕಣ್ಣಾರೆ ನೋಡಿದ್ದೆ, ಕುಂಕುಮ ಸರಿಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ. ಬೆಂಗಳೂರಿನವರು ಚಾಪೆ ಕೆಳಗೆ ತೂರಿದರೆ ನಮ್ಮವರು ರಂಗೋಲಿ ಕೆಳಗೆ ತೂರಿದ್ದರು. ಬೇರೆ ಯಾವುದಕ್ಕಾದರೂ ಆಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

"ಯಾಕವ್ವ ಹಿಂಗ್ ಮಾಡ್ದ್ರಿ? ನಿಮ್ಮ ಒಳ್ಳೇದಕ್ಕೇ ಅಲ್ವಾ ನಾವು ಬಂದಿದ್ದು?"

"ಯಾರಿಗ್ ಗೊತ್ತು? ಅದ್ರ ಇಂದಿನ ದಿನ್ವೇ ಮೇಸ್ತ್ರಿ ಏಳ್ಬುಟ್ಟಿದ್ದ, ಕಿವಿ ಕೇಳ್ದೋರ್ನ ಮಿಷಿನ್ ತಾವ ನಿಲ್ಲುಸ್ಕಳಾಕಾಗಾಕಿಲ್ಲ, ಏನಾರ ಎಚ್ಚುಕಮ್ಮಿ ಆದ್ರೆ ನಮ್ ತಲೆಗ್ ಬತ್ತದೆ ಅಂತ. ನನ್ ಕೈ ಚೆಂದಾಗೈತೆ, ಕಣ್ಣು ಚೆಂದಾಗೈತೆ. ಆ ಶೆಡ್ನಾಗೆ ಕಿವಿ ಕಟ್ಕಂಡು ಏನ್ ಮಾಡಾನ ಏಳು?"

"ನನಗಾದ್ರೂ ಹೇಳಬಾರ್ದಾಗಿತ್ತಾ?"

ಅವ್ವ ಮೊರ ಎತ್ತಿಕೊಂಡಳು.

"ನೀನು ಅವತ್ತು ಅವ್ರ ಕಡೆ ಕುಂತಿದ್ದಲ್ಲವ್ವ" ಎಂದಳು.

ಸೋಮವಾರ ಬೆಳಿಗ್ಗೆಯೇ ಹೋಗಿ ಪ್ರೊಫೆಸರಿಗೆ ಎಲ್ಲ ಹೇಳಿದೆ. ಪ್ರಬಂಧ ಆಗಲೇ ಕಳುಹಿಸಿಯಾಗಿತ್ತು. ಹಿಂದಕ್ಕೆ ತರಿಸಿಕೊಳ್ಳಿ ಸಾರ್, ಕೈ ಮುಗಿಯುತ್ತೇನೆ, ಇನ್ನೊಮ್ಮೆ ಪರೀಕ್ಷೆ ಮಾಡೋಣ, ಪಟ ತೆಗೆಸೋಣ ಎಂದೆ. ಇನ್ನೊಮ್ಮೆ ಆ ಓನರು ಬಿಡುವುದಿಲ್ಲ ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, "ಅವರಿಗೆ ಸರಿಯಾಗಿ ತಿಳಿಸಿ ಹೇಳೋದು ನಿಮ್ಮ ಜವಾಬ್ದಾರಿಯಾಗಿತ್ತಲ್ಲಮ್ಮ" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕುರ್ಚಿ ಇಟ್ಟವಳು ನಾನಲ್ಲ, ಪಟ ನೋಡದವಳು ನಾನಲ್ಲ, ಸಾಧ್ಯವೇ ಇಲ್ಲದಂಥ ನಕ್ಷೆ ನೋಡಿ ರಾಗಿಮುದ್ದೆಯ ಸಿದ್ಧಾಂತ ಕಟ್ಟಿದವಳೂ ನಾನಲ್ಲ. ಆದರೂ ಅವರ ಮಾತಿನಲ್ಲಿ ಕಾಲುಭಾಗ ನಿಜವಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಅವಸರದಲ್ಲಿ, ಈ ಕಾಗದ ಯಾರ ಕೈಗೆ ಹೋಗುತ್ತದೆ, ಯಾರಿಗೆ ಏನಾಗುತ್ತದೆ ಎಂದು ನಾನು ಅವರಿಗೆ ನಮ್ಮ ಮಾತಿನಲ್ಲಿ ಒಂದು ಸಲವೂ ಹೇಳಿರಲಿಲ್ಲ.

"ನಿಮ್ಮಮ್ಮ ಮನೆಯಲ್ಲಿ ಹೇಳಿದ ಮಾತು ದಾಖಲೆಯಾಗೋದಿಲ್ಲ. ನಮ್ಮ ಹತ್ತಿರ ಇರೋದು ನಕ್ಷೆ" ಎಂದು ಅವರು ಮಾತು ಮುಗಿಸಿದರು. ಅದೇ ನಕ್ಷೆ. ಬದುಕಿರುವ ಹೆಂಗಸು ಬಾಯಿಬಿಟ್ಟು ನನಗೆ ಕೇಳುವುದಿಲ್ಲ ಎಂದರೆ ಸುಳ್ಳು, ಗಾಜು ನೋಡಿ ಒತ್ತಿದ ಗುಂಡಿ ನಿಜ. ಸತ್ತವರ ಕಿವಿಯನ್ನು ಪದರ ಪದರ ಬಿಡಿಸಿ ನೋಡುವ ತಾಳ್ಮೆ ಇದ್ದವರಿಗೆ ಬದುಕಿರುವವರ ಮಾತು ಕೇಳುವಷ್ಟು ತಾಳ್ಮೆ ಇಲ್ಲದೆ ಹೋಯಿತಲ್ಲ ಎಂದು ನನಗೆ ಅವತ್ತೂ ಸಂಕಟ, ಇವತ್ತೂ ಸಂಕಟ.

ಪ್ರಬಂಧ ಅಚ್ಚಾಯಿತು. ಅದರ ಒಂದು ಪ್ರತಿ ಓನರಿಗೂ ಹೋಯಿತು. ಅವರು ಅದನ್ನು ಲ್ಯಾಮಿನೇಷನ್ ಮಾಡಿಸಿ ಆಫೀಸಿನಲ್ಲಿ ನೇತುಹಾಕಿಸಿದರು. ಶೆಡ್ಡನ್ನು ಹಿಂದಕ್ಕೆ ಬೆಳೆಸಿ ಹೊಸ ಯಂತ್ರ ತಂದು ಕೂರಿಸಿದರು. ಹೆಬ್ಬೆಟ್ಟಿಗೆ ಮುಂಚೆ ನನ್ನನ್ನು ಪ್ರಶ್ನೆ ಕೇಳಿದ್ದ ಆ ಅಕ್ಕ, ತಲೆ ಸುತ್ತುತ್ತದೆ, ಕಿವಿಗೆ ಏನಾದರೂ ಕೊಡಿಸಿ ಎಂದು ಕೇಳಲು ಹೋದಾಗ ಮೇಸ್ತ್ರಿ ಆ ಕಾಗದದ ಮೇಲೆ ಬೆರಳು ಬಡಿದು, "ಸೈನ್ಸೇ ಏಳ್ಬುಟ್ಟೈತೆ, ನಿಮ್ ಕಿವಿ ಉಕ್ಕು ಅಂತ. ಓಗಿ ಕೆಲ್ಸ ನೋಡು" ಎಂದನಂತೆ. ಅವ್ವ ಇದನ್ನು ನನಗೆ ಹೇಳಿದ್ದು ಬಾಯಿಂದಲ್ಲ, ಕೈಯಿಂದ. ಬೇಸರವಾದಾಗ ಮನೆಯಲ್ಲೂ ಅವಳಿಗೆ ಕೈಮಾತೇ ಬರುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಯಾರು ನಂಬಲಿ ಬಿಡಲಿ, ಅವಳ ಕಿವಿಯಲ್ಲಿ ಎಷ್ಟು ಉಳಿದಿದೆ ಎಂದು ನನಗಾದರೂ ತಿಳಿಯಬೇಕಾಗಿತ್ತು. ಇನ್ನೂ ಅಷ್ಟಿಷ್ಟು ಉಳಿದಿದ್ದರೆ ಕೈಹಿಡಿದು ಎಳೆದುಕೊಂಡಾದರೂ ಅವಳನ್ನು ಆ ಶೆಡ್ಡಿನಿಂದ ಬಿಡಿಸುವುದೆಂದು ತೀರ್ಮಾನಿಸಿದ್ದೆ. ಲ್ಯಾಬಿಗೆ ಬಾ ಎಂದರೆ ಮೊದಲು ಒಪ್ಪಲಿಲ್ಲ. ಯಾರಿಗೂ ತೋರಿಸುವುದಿಲ್ಲ, ನಿನ್ನಾಣೆ, ಈ ಸಲ ನಾನು ನಿನ್ನ ಕಡೆ ಎಂದ ಮೇಲೆ ಒಂದು ರಜೆಯ ದಿನ ಹೊಸ ಸೀರೆಯುಟ್ಟು, ತಲೆಗೆ ಹೂ ಮುಡಿದು ನನ್ನ ಜೊತೆ ರೈಲು ಹತ್ತಿದಳು. ದಾರಿಯುದ್ದಕ್ಕೂ ಕಿಟಕಿಯಾಚೆ ಹೊಸ ಶೆಡ್ಡುಗಳನ್ನು ಎಣಿಸುತ್ತ ಬಂದಳು.

ಲ್ಯಾಬಿನಲ್ಲಿ ಸದ್ದು ನುಗ್ಗದ ಒಂದು ಪುಟ್ಟ ಕೋಣೆ ಇತ್ತು. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು. ಗಾಜಿಲ್ಲ, ಪಟವಿಲ್ಲ, ಹೊಳೆಯುವ ವಸ್ತು ಒಂದೂ ಇಲ್ಲ. ಅವ್ವನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆ. ಹೂವು ಸರಿಸಿ ಹೆಡ್‌ಫೋನು ಹಾಕಿದೆ. ಗುಂಡಿಯನ್ನು ಕೈಗೆ ಕೊಟ್ಟು, ಮುಂದೆ ಬಂದು ಅವಳಿಗೆ ತುಟಿ ಕಾಣುವ ಹಾಗೆ ನಿಂತು ಹೇಳಿದೆ.

"ಕೇಳುಸ್ದಾಗ ಮಾತ್ರ ಒತ್ತು. ಕೇಳುಸ್ದಿದ್ರೆ ಸುಮ್ನಿರು. ಯಾರೂ ಏನೂ ಅನ್ನಲ್ಲ."

"ಊಂ ಕಣ್ ಮಗ" ಎಂದು ಬೆನ್ನು ನೆಟ್ಟಗೆ ಮಾಡಿ, ಹೆಬ್ಬೆರಳನ್ನು ಗುಂಡಿ ಮೇಲಿಟ್ಟು ಕಾದಳು.

ನಾನು ಹಿಂದೆ ಹೋಗಿ ಕೂತೆ. ತೆಳು ಸ್ವರದಿಂದಲೇ ಶುರುಮಾಡಿದೆ, ನನಗೆ ತಿಳಿಯಬೇಕಾಗಿದ್ದದ್ದು ಅದೇ. ಮೆಲ್ಲಗೆ ಕೇಳಿಸಿದೆ. ಹೆಬ್ಬೆರಳು ಅಲುಗಲಿಲ್ಲ. ಒಂದು ಮೆಟ್ಟಿಲು ಏರಿಸಿದೆ, ಇನ್ನೊಂದು ಏರಿಸಿದೆ. ಬಲಗಿವಿಗೆ ಕೇಳಿಸಿದೆ, ಎಡಗಿವಿಗೆ ಕೇಳಿಸಿದೆ. ಹೆಡ್‌ಫೋನಿನ ಅಂಚಿನಿಂದ ಸೋರಿದ ಸದ್ದು ಅವಳ ಹಿಂದೆ ಕೂತ ನನಗೇ ಕೇಳತೊಡಗಿತು. ಇನ್ನೂ ಏರಿಸಿದೆ, ಸೋರಿ ಬಂದ ಸದ್ದಿಗೇ ನನ್ನ ಹಲ್ಲು ಜುಮ್ಮೆಂದಿತು. ಪೆಟ್ಟಿಗೆಯಲ್ಲಿ ಇನ್ನು ಏರಿಸಲು ಜಾಗವಿರಲಿಲ್ಲ. ಅವ್ವ ಕತ್ತನ್ನು ಮೆಲ್ಲಗೆ ಅತ್ತಿಂದಿತ್ತ ಆಡಿಸುತ್ತ ಗೋಡೆಯ ಮೇಲೆಲ್ಲ ಕಣ್ಣಾಡಿಸುತ್ತಿದ್ದಳು. ಏನೂ ಸಿಗದೆ ಮತ್ತೆ ಮುಂದಕ್ಕೆ ನೋಡಿಕೊಂಡು ಕೂತಳು. ನಾನು ಕೀಲಿಯಿಂದ ಕೈ ತೆಗೆಯದೆ ಒತ್ತಿ ಹಿಡಿದೇ ಇದ್ದೆ.

ಅವಳು ಗೋಡೆ ನೋಡುತ್ತಲೇ ಕೇಳಿದಳು.

"ಇನ್ನೂ ಸುರು ಮಾಡ್ನಿಲ್ವಾ ಮಗ?"